ಬಲಗಡೆ ಬಿದ್ದ ಹೂವು

ಹೋದ ಶ್ರಾವಣದಲ್ಲಿ ಹಾಸನದ ನಮ್ಮ ಬೀದಿಯ ಒಂದು ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಮರ್ಯಾದೆಗೆ ಕರೆದಿದ್ದರು, ನಾನು ಬರುತ್ತೇನೆಂದು ಅವರೂ ಅಂದುಕೊಂಡಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಬೇಜಾರಾಗಿತ್ತು, ಹೋದೆ. ಆ ಮನೆಗೆ ಹೊಸದಾಗಿ ಬಂದ ಸೊಸೆ ತಟ್ಟೆ ಹಿಡಿದು ಸಾಲಾಗಿ ಎಲ್ಲರ ಹಣೆಗೂ ಕುಂಕುಮ ಇಡುತ್ತಾ ಬಂದಳು. ನನ್ನ ಮುಂದೆ ಬಂದಾಗ ಕುಂಕುಮದಲ್ಲಿ ಅದ್ದಿದ ಅವಳ ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು. ನನ್ನ ಬರಿ ಹಣೆ ನೋಡಿದಳು, ತಿರುಗಿ ಅವಳ ಅತ್ತೆಯ ಮುಖ ನೋಡಿದಳು. "ನಂಗೆ ಒಂದು ಬಾಳೆಹಣ್ಣು ಕೊಟ್ಟು ಮುಂದೆ ಹೋಗಮ್ಮ" ಎಂದೆ. ಎಲ್ಲರೂ ನಕ್ಕರು, ಆ ಹುಡುಗಿ ಬದುಕಿಕೊಂಡಳು.

ಹಾಗೆ ಗಾಳಿಯಲ್ಲಿ ನಿಂತ ಬೆರಳನ್ನು ನಾನು ಚೀನಾ ಯುದ್ಧವಾದ ವರ್ಷ ಒಂದು ಚಳಿಗಾಲವಿಡೀ ನೋಡಿದ್ದೇನೆ. ಆಗ ನನಗೆ ಇಪ್ಪತ್ತೆರಡು ವರ್ಷ. ತವರು ಚನ್ನರಾಯಪಟ್ಟಣದ ಕಡೆ ದಂಡಿಗನಹಳ್ಳಿ. ಕೊಟ್ಟದ್ದು ಹಾಸನದ ಕಡೆ, ಕಟ್ಟಾಯದಿಂದ ಎರಡು ಮೈಲಿ ಒಳಗಿರುವ ಹಳ್ಳಿಗೆ. ನಾನು ಲೋವರ್ ಸೆಕೆಂಡರಿ ಪಾಸು ಮಾಡಿದ್ದೆ. ಆ ಹಳ್ಳಿಯಲ್ಲಿ ಅಷ್ಟು ಓದಿದ ಹೆಂಗಸು ಇನ್ನೊಬ್ಬಳಿರಲಿಲ್ಲ, ಅದರ ಜಂಬ ನನಗೆ ಸ್ವಲ್ಪ ಇತ್ತು ಅಂತಲೇ ಹೇಳಬೇಕು.

ನಮ್ಮ ಯಜಮಾನರು ರಂಗೇಗೌಡರು ಮಿಲಿಟರಿಯಲ್ಲಿದ್ದರು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಅಂದರೆ ನಾವು ಜೊತೆಯಲ್ಲಿ ಸಂಸಾರ ಮಾಡಿದ್ದು ಎಲ್ಲಾ ಸೇರಿ ಎಂಟು ತಿಂಗಳು, ಅದರಲ್ಲೇ ಒಬ್ಬಳು ಮಗಳು, ರತ್ನ. ರಜೆಗೆ ಬಂದಾಗ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು, ಹೊದ್ದ ಕಂಬಳಿಯನ್ನು ನಾಲ್ಕು ಮೂಲೆ ಕೂಡಿಸಿ, ಪುಸ್ತಕದಂತೆ ಮಡಿಸಿ ಇಡುವರು. ನಮ್ಮತ್ತೆ ನಿಂಗಮ್ಮ ಅದನ್ನು ನೋಡಿ ನಗುವರು. "ಇದ್ನ ಮಡ್ಸಕ್ಕೇ ಏನ್ಲಾ ನಿಂಗೆ ಸರ್ಕಾರ ಸಂಬ್ಳ ಕೊಡೋದು?" ಎನ್ನುವರು. ಉಳಿದ ಹತ್ತು ತಿಂಗಳು ನನ್ನ ಸಂಸಾರವೆಲ್ಲ ಕಾಗದದಲ್ಲಿ. ನನ್ನ ನಾದಿನಿ ಪುಟ್ಟಲಕ್ಷ್ಮಿ ಹಂಗಿಸುತ್ತಿದ್ದಳು: "ನೀನು ನಮ್ಮಣ್ಣನ್ನ ಮದ್ವೆಯಾಗಿಲ್ಲ ಕಣತ್ತಿಗಮ್ಮ, ಪೋಸ್ಟಿನವನ್ನ ಆಗಿದ್ದೀಯ. ದಿನಾ ಅವನ ದಾರಿ ಕಾಯೋದೇ ಆಯ್ತು."

ಆ ವರ್ಷ ದೀಪಾವಳಿಯ ಹೊತ್ತಿಗೆ ಕಟ್ಟಾಯದ ಅಂಗಡಿಯ ರೇಡಿಯೋ ಮುಂದೆ ಜನ ಸೇರತೊಡಗಿದರು. ಭಾವ ತಿಮ್ಮೇಗೌಡರು ದಿನಾ ಸಂಜೆ ಎರಡು ಮೈಲಿ ನಡೆದು ಹೋಗಿ ಕೇಳಿಕೊಂಡು ಬರುವರು. ಕೈಕಾಲು ತೊಳೆದು ಉಣ್ಣಲು ಕೂರುವರು, ಮುದ್ದೆ ಮುರಿಯುವ ರೀತಿಯಲ್ಲೇ ಸುದ್ದಿ ಏನೆಂದು ನಮಗೆ ಗೊತ್ತಾಗುತ್ತಿತ್ತು. ಹಬ್ಬಕ್ಕೆ ಮುಂಚೆ ಬಂದಿದ್ದ ಕಾಗದದಲ್ಲಿ ನಮ್ಮ ಯಜಮಾನರು ಯುದ್ಧದ ಮಾತೇ ಎತ್ತಿರಲಿಲ್ಲ. ಇಲ್ಲಿ ವಿಪರೀತ ಚಳಿ, ರಾಗಿ ತೆನೆ ಹೇಗೆ ಬಂದಿದೆ, ರತ್ನನ ಕೆಮ್ಮು ವಾಸಿಯಾಯಿತೇ, ಬೆಟ್ಟದ ಮೇಲೆ ನಿಂತು ಹುರುಳಿ ಸಾರು ನೆನೆಸಿಕೊಂಡೆ, ಇಷ್ಟೇ. ಯುದ್ಧ ನಿಂತಿತು ಅಂತ ರೇಡಿಯೋದಲ್ಲಿ ಹೇಳಿದ ಮೇಲೂ ಕಾಗದ ಬರಲಿಲ್ಲ.

ಸರ್ಕಾರದ ಲಕೋಟೆ ಬಂದದ್ದು ರಾಗಿ ಕೊಯ್ಲಿನಲ್ಲಿ. ನಾವೆಲ್ಲ ಹೊಲದಲ್ಲಿದ್ದೆವು. ಒಳಗೆ ಇಂಗ್ಲಿಷು, ಅದು ನನಗೆ ಬಾರದು. ಕುಡುಗೋಲು ಅಲ್ಲೇ ಹಾಕಿ, ನಾನೂ ಅತ್ತೆಯೂ ಭಾವನೂ ಕಟ್ಟಾಯಕ್ಕೆ ಹೋಗಿ ಶಾಲೆಯ ಮೇಷ್ಟ್ರ ಕೈಗೆ ಕೊಟ್ಟೆವು. ಅವರು ಎರಡು ಸಲ ಓದಿದರು.

"ಕಾಣೆಯಾಗಿದ್ದಾರೆ ಅಂತ ಬರೆದಿದೆ" ಎಂದರು.

"ಕಾಣೆ ಅಂದ್ರೇನು ಮೇಷ್ಟ್ರೇ?" ಅತ್ತೆ ಕೇಳಿದರು. "ಕಳ್ದೋಗಕ್ಕೆ ಅವನೇನು ಕರುವಾ? ಬಂದೂಕ ಇಡ್ಕಂಡು ನಿಂತಿದ್ದ ಗಂಡ್ಸು ಎಲ್ಲಿಗೋದಾನು?"

"ಸೆರೆ ಸಿಕ್ಕಿರಬಹುದು. ಗಾಯವಾಗಿ ಯಾವುದಾದರೂ ಆಸ್ಪತ್ರೆಯಲ್ಲಿರಬಹುದು. ಹೋದರು ಅಂತ ಇದರಲ್ಲಿ ಬರೆದಿಲ್ಲ ನಿಂಗಮ್ಮನೋರೆ. ಹಾಗಂತ ಇದ್ದಾರೆ ಅಂತಲೂ ಬರೆದಿಲ್ಲ."

ಅತ್ತೆ ಆ ಕಾಗದವನ್ನು ಇಸಿದುಕೊಂಡು ತಿರುಗಿಸಿ ಹಿಂಬದಿ ನೋಡಿದರು, ಅಲ್ಲೇನಾದರೂ ಇದೆಯೋ ಅಂತ. ಅಲ್ಲೇನೂ ಇರಲಿಲ್ಲ. ಮೂವರೂ ವಾಪಸ್ಸು ಬಂದು ಹೊತ್ತು ಮುಳುಗುವವರೆಗೆ ರಾಗಿ ಕೊಯ್ದೆವು. ಬಿಟ್ಟು ಬಂದ ಸಾಲು ಹಾಗೇ ಇತ್ತು, ಇನ್ನೇನು ಮಾಡುವುದು.

ಸತ್ತ ಸುದ್ದಿ ಬಂದರೆ ಏನು ಮಾಡಬೇಕು ಅಂತ ಹಳ್ಳಿಗೆ ಗೊತ್ತು. ಕಾಣೆಯಾದ ಸುದ್ದಿ ಬಂದರೆ ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಮೊದಲ ವಾರ ಬಂದವರು ಅಳಬೇಕೋ ಬೇಡವೋ ತಿಳಿಯದೆ ಜಗಲಿ ಮೇಲೆ ಕೂತು ರಾಗಿ ಬೆಳೆಯ ಮಾತಾಡಿ ಎದ್ದು ಹೋದರು. ಅದಕ್ಕಿಂತ ಕಷ್ಟವಾದದ್ದು ಹೆಂಗಸರಿಗೆ. ಮುತ್ತೈದೆ ಮನೆಗೆ ಬಂದರೆ ಕುಂಕುಮ ಕೊಡದೆ ಕಳಿಸುವ ಹಾಗಿಲ್ಲ. ಗಂಡ ಸತ್ತವಳಿಗೆ ಕೊಟ್ಟರೆ ಕೊಟ್ಟವಳಿಗೂ ಒಳ್ಳೆಯದಲ್ಲ ಅನ್ನುವ ಕಾಲ ಅದು. ನಾನು ಎರಡರಲ್ಲಿ ಯಾವುದು? ನಮ್ಮ ಬೀದಿಯ ಒಂದು ಮನೆಯಲ್ಲಿ ಮಗುವಿಗೆ ಹೆಸರಿಟ್ಟ ದಿನ ದೇವೀರಮ್ಮ ಅನ್ನುವಾಕೆ ನನ್ನ ಹಣೆಯ ತನಕ ಬೆರಳು ತಂದು ನಿಲ್ಲಿಸಿದಳು. ಆಮೇಲೆ ಭರಣಿಯೊಳಗೆ ಇಣುಕಿ ನೋಡಿ, "ಅಯ್ಯೋ, ಕುಂಕ್ಮ ಮುಗ್ದೇ ಓಯ್ತಲ್ಲ" ಎಂದಳು. ಭರಣಿ ತುಂಬ ಕುಂಕುಮ ಇತ್ತು. ನಾನು ನೋಡುತ್ತಿದ್ದೆ ಅಂತ ಅವಳಿಗೂ ಗೊತ್ತಿತ್ತು.

ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಆದರೆ ಅವತ್ತು ಮನೆಗೆ ಬಂದವಳೇ ಕನ್ನಡಿ ಮುಂದೆ ನಿಂತು ಕಾಸಗಲ ಕುಂಕುಮ ಇಟ್ಟುಕೊಂಡೆ. ಅಲ್ಲಿಂದ ದಿನಾ ಹಾಗೇ ಇಟ್ಟೆ. ಸಂಕ್ರಾಂತಿಗೆ ಎಳ್ಳು ಬೀರುವ ಮಕ್ಕಳು ನಮ್ಮ ಮನೆ ದಾಟಿಕೊಂಡು ಆಚೆ ಮನೆಗೆ ಹೋದವು. ಬಾಗಿಲಲ್ಲಿ ಕೈಚಾಚಿ ನಿಂತಿದ್ದ ರತ್ನನಿಗೆ ಅರ್ಥವಾಗಲಿಲ್ಲ. ಅವಳಿಗೆ ನಾನೇ ಎಳ್ಳು ಬೆಲ್ಲ ಕೊಟ್ಟು, ಕಬ್ಬು ಕಡಿದುಕೊಟ್ಟು ಸುಮ್ಮನಿರಿಸಿದೆ.

ಹದಿನೈದು ದಿನಕ್ಕೊಮ್ಮೆ ನಾನು ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಸೈನಿಕರ ಸಂಸಾರಗಳ ವಿಚಾರ ನೋಡುವ ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಕೂತು ಬರುತ್ತಿದ್ದೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು, "ಏನೂ ಬಂದಿಲ್ಲಮ್ಮ, ಬಂದ ಕೂಡಲೇ ತಿಳಿಸ್ತೀವಿ" ಎನ್ನುವರು. ಅಷ್ಟು ಕೇಳುವುದಕ್ಕೆ ಒಂದು ದಿನದ ಕೆಲಸ ಕೆಡುತ್ತಿತ್ತು. ಆದರೂ ಹೋಗದೇ ಇರಲು ಆಗುತ್ತಿರಲಿಲ್ಲ. ಬೆಂಚಿನ ಮೇಲೆ ಕೂತ ಒಂದು ಗಂಟೆ ಮಾತ್ರ ನನ್ನನ್ನು ಯಾರೂ ಪಾಪ ಅಂತ ನೋಡುತ್ತಿರಲಿಲ್ಲ. ಅಲ್ಲಿ ಕೂತವರೆಲ್ಲ ನನ್ನಂಥವರೇ.

ಇದೆಲ್ಲ ಹೀಗೇ ಇನ್ನಷ್ಟು ದಿನ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಪುಟ್ಟಲಕ್ಷ್ಮಿಯ ಮದುವೆ ಎದುರಿಗಿತ್ತು. ದಸರೆಗೆ ಮೊದಲೇ ಹೊಳೆನರಸೀಪುರದ ಕಡೆಯ ಸಂಬಂಧ ಗೊತ್ತಾಗಿ ವೀಳ್ಯ ಆಗಿತ್ತು. ಹುಡುಗ ಒಳ್ಳೆಯವನು, ಅರಕಲಗೂಡಿನ ಹತ್ತಿರ ಒಂದು ಶಾಲೆಯಲ್ಲಿ ಮೇಷ್ಟ್ರು. ಅವರ ಮನೆಯ ತಾತ ಹಾಸಿಗೆ ಹಿಡಿದಿದ್ದರು, ಮೊಮ್ಮಗನ ಮದುವೆ ನೋಡಿ ಕಣ್ಣು ಮುಚ್ಚಬೇಕು ಅಂತ. ಸಂಕ್ರಾಂತಿ ಕಳೆದ ವಾರಕ್ಕೆ ಹುಡುಗನ ತಾಯಿ ನಮ್ಮ ಮನೆಗೆ ಬಂದು ಕೂತರು. ಕಾಫಿ ಕುಡಿದು ಲೋಟ ಕೆಳಗಿಟ್ಟು ನೇರವಾಗಿ ಮಾತಿಗೆ ಬಂದರು.

"ನಾವೇನು ಬ್ಯಾರೆ ಕಡೆ ಎಣ್ಣು ನೋಡ್ತೀವಿ ಅಂತ ಏಳಕ್ಕೆ ಬಂದಿಲ್ಲ ಬೀಗಿತ್ತಿ. ಒಂದ್ ಮಾತು ಏಳ್ಬುಡಿ. ನಿಮ್ಮ ಮಗ ಅವ್ನಾ, ಇಲ್ವಾ? ಅವ್ನೆ ಅಂದ್ರೆ ಸೂತ್ಕ ಇಲ್ಲ, ನಾಳೆನೇ ಚಪ್ರ ಆಕಾನ. ಇಲ್ಲ ಅಂದ್ರೆ ಕರ್ಮ ಮುಗ್ಸಿ, ಸೂತ್ಕ ಕಳೀಲಿ, ಆಮ್ಯಾಕೆ ಆಕಾನ. ಎರಡೂ ಅಲ್ದೆ ನಡ್ವೆ ನೇತಾಕ್ಕಂಡಿದ್ರೆ ನಾವು ಎಂಗೆ ಧಾರೆ ಉಯ್ಸ್ಕಳದು?"

ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಹೆಚ್ಚು ಕಷ್ಟವಾದದ್ದು ಅದೇ. ತಪ್ಪಿದ್ದಿದ್ದರೆ ಜಗಳವಾಡಬಹುದಿತ್ತು.

ಅವರು ಹೋದ ಮೇಲೆ ಭಾವ ಮೆಲ್ಲಗೆ ಹೇಳಿದರು. "ದರ್ಭೆಲಿ ಬೊಂಬೆ ಮಾಡಿ ಸುಟ್ಟು ಕರ್ಮ ಮುಗ್ಸ್‌ಬೌದಂತೆ ಅವ್ವ. ಐನೋರ್ನ ಕೇಳ್ಕಂಡು ಬಂದೀನಿ." ಹೇಳಿ ತಲೆ ತಗ್ಗಿಸಿಕೊಂಡರು. ತಮ್ಮ ಎಂದರೆ ಅವರಿಗೆ ಪ್ರಾಣ. ಕೇಳಲು ಹೋಗುವಾಗ ಆ ಮನುಷ್ಯನ ಕಾಲು ಹೇಗೆ ಎದ್ದವೋ. ನಾನು ಅಡುಗೆ ಮನೆ ಬಾಗಿಲಲ್ಲಿ ನಿಂತು, "ಕಾಗದ ಬರೋವರೆಗೂ ನಾನು ಒಪ್ಪಲ್ಲ ಭಾವ" ಎಂದೆ. ಭಾವನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ಎದ್ದು ಹೊಲದ ಕಡೆ ಹೋದರು.

ಪುಟ್ಟಲಕ್ಷ್ಮಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ನನಗೆ ಹೇಳಿದಳು: "ನಂಗೆ ಮದ್ವೆನೇ ಬ್ಯಾಡ ಕಣತ್ತಿಗಮ್ಮ. ನಿನ್ನ ಕುಂಕ್ಮ ಅಳ್ಸಿ ನಾನು ಕುಂಕ್ಮ ಇಕ್ಕಳದಾ?" ಯಾವಾಗಲೂ ಹಂಗಿಸುವ ಹುಡುಗಿ ಹಾಗಂದಳು. ಅವಳಿಗೆ ಆಗಲೇ ಇಪ್ಪತ್ತು ತುಂಬಿತ್ತು. ಈ ಸಂಬಂಧ ತಪ್ಪಿದರೆ, ಅಣ್ಣ ಕಾಣೆಯಾದ ಮನೆಯ ಹುಡುಗಿಯನ್ನು ಮತ್ತೆ ಯಾರು ಕೇಳಿಕೊಂಡು ಬಂದಾರು? ಎರಡು ದಿನ ಅದನ್ನೇ ಯೋಚಿಸಿದೆ. ಮೂರನೆಯ ದಿನ ನಾನೂ ಅತ್ತೆಯೂ ರಾಗಿ ಬೀಸುತ್ತಿದ್ದೆವು. ಕಲ್ಲಿನ ಗೂಟ ಇಬ್ಬರ ಕೈಯಲ್ಲೂ ಇತ್ತು. ನಾನು ಹೇಳಿದೆ.

"ಅತ್ತೆಮ್ಮ, ನಾನು ಬಳೆ ತೆಗ್ದಾಕ್ತೀನಿ. ಅವಳ ಮದ್ವೆ ಆಗ್ಲಿ. ಇವರು ಬಂದ್ರೆ ಮತ್ತೆ ತೊಟ್ಕಂಡ್ರಾಯ್ತು."

ಅತ್ತೆ ಕಲ್ಲು ನಿಲ್ಲಿಸಲಿಲ್ಲ. "ಬಳೆ ಏನು ಕೋಳಿ ಗೂಡಿನ ಬಾಗ್ಲಾ, ಬೇಕಾದಾಗ ತಗ್ಯಕ್ಕೆ, ಬೇಕಾದಾಗ ಆಕಕ್ಕೆ? ಸುಮ್ಕೆ ಬೀಸು" ಎಂದರು. ಇನ್ನೊಂದು ಹಿಡಿ ರಾಗಿ ಕಲ್ಲಿನ ಬಾಯಿಗೆ ಹಾಕಿ, "ಶುಕ್ರವಾರ ಅಮ್ಮನ್ನ ಊವು ಕೇಳಾನ" ಎಂದರು.

ಹೂವು ಕೇಳುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಊರ ಮುಂದೆ ಚೌಡಮ್ಮನ ಗುಡಿ. ಕಲ್ಲಿನ ಮೂರ್ತಿ ಮೊಳದೆತ್ತರ. ಪೂಜಾರಿ ದೇವಿಯ ಎರಡು ಭುಜಕ್ಕೂ ಒದ್ದೆ ಮಾಡಿದ ಕಣಗಿಲೆ ಹೂವು ಅಂಟಿಸುತ್ತಾನೆ. ಕೇಳುವುದನ್ನು ಕೇಳಿ ಕಾಯಬೇಕು. ದೇವಿಯ ಬಲಭುಜದ ಹೂವು ಬಿದ್ದರೆ ಹೌದು, ಎಡಭುಜದ್ದು ಬಿದ್ದರೆ ಇಲ್ಲ. ಬಾವಿ ತೋಡುವುದಕ್ಕೂ ಕೇಳುತ್ತಾರೆ, ಹಸು ಕಳೆದರೂ ಕೇಳುತ್ತಾರೆ. ಯಾವ ಹೂವು ಬೇಗ ಒಣಗುತ್ತದೋ ಅದು ಬೀಳುತ್ತದೆ ಅಷ್ಟೇ ಅಂತ ಓದಿದ ಜಂಬದಲ್ಲಿ ನಾನೇ ಪುಟ್ಟಲಕ್ಷ್ಮಿಗೆ ಹಿಂದೊಮ್ಮೆ ಪಾಠ ಮಾಡಿದ್ದೆ. ಆ ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಗುಡಿಗೆ ನಡೆಯುವಾಗ ದಾರಿಯುದ್ದಕ್ಕೂ ನಾನೂ ಚೌಡಮ್ಮನ ಹೆಸರನ್ನೇ ಹೇಳಿಕೊಳ್ಳುತ್ತಿದ್ದೆ.

ಗರ್ಭಗುಡಿ ಬಲು ಕಿರಿದು. ಪೂಜಾರಿ ಬಿಟ್ಟರೆ ಇನ್ನೊಬ್ಬರು ಬಗ್ಗಿ ನಿಲ್ಲಬಹುದು, ಅಷ್ಟೆ. ಕೇಳುವವರು ಮನೆಯ ಹಿರಿಯರಾದ್ದರಿಂದ ಅತ್ತೆ ಒಳಗೆ ಹೋದರು. ಯಾರ ಸಲುವಾಗಿ ಕೇಳುತ್ತಾರೋ ಅವರು ನೋಡಬಾರದು ಅಂತ ನಮ್ಮೂರ ಪದ್ಧತಿ. ನಾನು ಹೊರಗೆ ಸೆರಗೊಡ್ಡಿ ಕಣ್ಣು ಮುಚ್ಚಿ ನಿಂತೆ. ಭಾವ, ಪುಟ್ಟಲಕ್ಷ್ಮಿ, ಹೊಳೆನರಸೀಪುರದಿಂದ ಬಂದಿದ್ದ ಬೀಗಿತ್ತಿ, ಊರಿನ ಹತ್ತಾರು ಜನ ಅಂಗಳದಲ್ಲಿದ್ದರು. ಒಳಗಿಂದ ಅತ್ತೆಯ ದನಿ ಕೇಳಿಸಿತು.

"ತಾಯಿ, ನನ್ನ ಮಗ ಇದ್ರೆ ಬಲಕ್ಕೆ ಕೊಡು. ಇಲ್ದಿದ್ರೆ ಎಡಕ್ಕೆ ಕೊಡು. ಸತಾಯಿಸ್ಬ್ಯಾಡ."

ಎಷ್ಟು ಹೊತ್ತು ನಿಂತೆವೋ ಗೊತ್ತಿಲ್ಲ. ಬಿಸಿಲಿಗೆ ನೆತ್ತಿ ಸುಡತೊಡಗಿತು. ಬೀಳಬೇಡ, ಯಾವ ಕಡೆಯೂ ಬೀಳಬೇಡ, ಹೀಗೇ ಇದ್ದುಬಿಡು ಅಂತ ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಆಮೇಲೆ ಒಳಗೆ ಯಾರೋ ಉಸಿರೆಳೆದ ಸದ್ದು. ಆಮೇಲೆ ಅತ್ತೆಯ ದನಿ, ಸ್ವಲ್ಪ ಜೋರಾಗಿ: "ಬಲಕ್ಕಾಯ್ತು! ಗಂಟೆ ಒಡಿಯೋ ಕರಿಯಣ್ಣ!" ಪೂಜಾರಿ ಕರಿಯಣ್ಣ ಗಂಟೆ ಹೊಡೆದ.

ಅತ್ತೆ ಆ ಕಣಗಿಲೆ ಹೂವನ್ನು ಸೆರಗಿನಲ್ಲಿ ಹಿಡಿದು ಹೊರಗೆ ಬಂದು ನನ್ನ ತುರುಬಿಗೆ ಸಿಕ್ಕಿಸಿದರು. ಅವರ ಕೈ ತಣ್ಣಗಿತ್ತು. ಭಾವ ಅಂಗಳದಲ್ಲೇ ಮುಖ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಬೀಗಿತ್ತಿ ಪೂಜಾರಿಯ ಕೈಯಿಂದ ಕುಂಕುಮದ ಬಟ್ಟಲು ತೆಗೆದುಕೊಂಡು ನನ್ನ ಬಳಿಗೆ ಬಂದರು. ಅವರ ಬೆರಳು ಎಲ್ಲೂ ನಿಲ್ಲಲಿಲ್ಲ. ಎರಡು ತಿಂಗಳಾದ ಮೇಲೆ ಇನ್ನೊಬ್ಬ ಹೆಂಗಸು ನನ್ನ ಹಣೆ ಮುಟ್ಟಿದ್ದು ಅದು. ನಾನು ಜನರೆದುರಿಗೇ ಗೊಳೋ ಎಂದು ಅತ್ತುಬಿಟ್ಟೆ.

ಮದುವೆ ಮಾಘದಲ್ಲಿ ಆಯಿತು. ಕುಂಬಾರರ ಮನೆಯಿಂದ ಐರಣೆ ಮಡಕೆ ಹೊತ್ತು ತರುವ ಐದು ಜನ ಮುತ್ತೈದೆಯರಲ್ಲಿ ನಾನೂ ಒಬ್ಬಳು. ದೇವೀರಮ್ಮನೂ ಇದ್ದಳು, ನನ್ನ ತಲೆಯ ಮೇಲಿನ ಮಡಕೆ ವಾಲದಂತೆ ದಾರಿಯುದ್ದಕ್ಕೂ ಅವಳೇ ಕೈಯಾಸರೆ ಕೊಟ್ಟ​ಳು. ಅತ್ತೆ ಮೂರು ದಿನವೂ ಒಲೆಯ ಮುಂದಿಂದ ಏಳಲಿಲ್ಲ. ಚಪ್ಪರದ ಕಡೆಗೆ ಬನ್ನಿ ಅಂದರೆ, "ಒಗೆ ಕಣ್ಣಿಗೋಗ್ತದೆ, ಸಾರು ಉಕ್ತದೆ" ಅಂತ ಏನೋ ಒಂದು ನೆಪ. ಗಂಡ ಸತ್ತವರು ಶುಭದಲ್ಲಿ ಮುಂದೆ ಬರುವುದಿಲ್ಲ, ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು, ಅದಕ್ಕೇ ಇರಬೇಕು ಅಂತ ನಾವು ಅಂದುಕೊಂಡೆವು.

ಅಲ್ಲಿಂದ ಮುಂದಿನ ತಿಂಗಳುಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಹೀಗೆ ಹೇಳಲು ನನಗೆ ನಾಚಿಕೆಯಿಲ್ಲ. ನಂಬಿಕೆ ಬಂದ ಮೇಲೆ ಅನ್ನ ಸೇರಿತು, ನಿದ್ದೆ ಹತ್ತಿತು. ವಾರಕ್ಕೊಂದು ಕಾಗದ ಬರೆದು ಅವರ ಹಳೆಯ ವಿಳಾಸಕ್ಕೇ ಹಾಕಿದೆ. ನಾದಿನಿಯ ಮದುವೆಯಲ್ಲಿ ಯಾರು ಯಾರು ಮುನಿಸಿಕೊಂಡರು, ಪಾಯಸ ಹೇಗೆ ತಳ ಹಿಡಿಯಿತು, ಎಲ್ಲ. ಸೆರೆ ಸಿಕ್ಕ ಸಿಪಾಯಿಗಳನ್ನು ಚೀನಾದವರು ಬಿಡುತ್ತಿದ್ದಾರೆ ಅಂತ ಬೇಸಿಗೆಯಲ್ಲಿ ರೇಡಿಯೋ ಹೇಳಿತು. ನಾನು ಗೋಡೆಗೆ ಸುಣ್ಣ ಬಳಿದೆ. ಅವರ ಕಂಬಳಿ ತೆಗೆದು ಒಗೆದು, ಅವರು ಮಡಿಸುವ ಹಾಗೇ ಮಡಿಸಲು ನೋಡಿದೆ, ಬರಲಿಲ್ಲ. ಬಂದಾಗ ಹಾಗೆ ಮಾಡೋಣ, ಹೀಗೆ ಮಾಡೋಣ ಅಂತ ಅತ್ತೆಯ ಹತ್ತಿರ ಹೇಳುತ್ತಿದ್ದರೆ ಅವರು "ಊಂ" ಅಂದು ಎದ್ದು ಹೋಗುತ್ತಿದ್ದರು. ಮಾತು ಕಡಿಮೆಯಾಗಿತ್ತು, ಕೆಲಸ ಜಾಸ್ತಿಯಾಗಿತ್ತು. ಮಗಳನ್ನು ಕಳಿಸಿಕೊಟ್ಟ ಬೇಸರ ಅಂದುಕೊಂಡೆ.

ಎರಡನೆಯ ಲಕೋಟೆ ಮುಂಗಾರಿನಲ್ಲಿ ಬಂತು, ರಾಗಿ ಬಿತ್ತುವ ವಾರ. ಮೇಷ್ಟ್ರು ಈ ಸಲ ಒಂದೇ ಸಲ ಓದಿದರು. ಸೆರೆಯಿಂದ ವಾಪಸು ಬಂದ ಅವರ ಜೊತೆಯ ಸಿಪಾಯಿಯೊಬ್ಬ ಹೇಳಿಕೆ ಕೊಟ್ಟಿದ್ದ. ಕಾರ್ತಿಕ ಮಾಸದಲ್ಲೇ, ಆ ಬೆಟ್ಟದ ಮೇಲೇ, ಅವನ ಕಣ್ಣೆದುರಿಗೇ ನಮ್ಮ ಯಜಮಾನರು ತೀರಿಹೋಗಿದ್ದರು. ನಾವು ರಾಗಿ ಕೊಯ್ಯುವ ಮೊದಲೇ, ಮೊದಲನೆಯ ಲಕೋಟೆ ಬರುವ ಮೊದಲೇ.

ಬಳೆ ಒಡೆದದ್ದು, ಕುಂಕುಮ ಒರೆಸಿದ್ದು, ಅದನ್ನೆಲ್ಲ ಬರೆಯುವುದಿಲ್ಲ. ನೋಡಿದವರಿಗೆ ಗೊತ್ತು, ನೋಡದವರು ನೋಡುವುದೇ ಬೇಡ. ನಾನು ಅಳುತ್ತಲೇ ಇದ್ದೆ. ಪುಟ್ಟಲಕ್ಷ್ಮಿ ಗಂಡನ ಮನೆಯಿಂದ ಓಡಿ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ಬೀಗಿತ್ತಿ ಬಂದರು, ಕೂತರು, ಹೋದರು. ನಾನು ಐರಣೆ ಹೊತ್ತಿದ್ದ ಮಾತನ್ನು ಅವರು ಎತ್ತಲಿಲ್ಲ, ಅವರದು ದೊಡ್ಡ ಮನಸ್ಸು. ಅತ್ತೆಯ ಕಣ್ಣಲ್ಲಿ ಮಾತ್ರ ಒಂದು ಹನಿ ನೀರಿಲ್ಲ. ಬಂದವರಿಗೆ ಚಾಪೆ ಹಾಸುವುದು, ನೀರು ಕೊಡುವುದು, ದನ ಕಟ್ಟುವುದು. ಹೆತ್ತ ಮಗ ಸತ್ತರೂ ಅಳಲಿಲ್ಲವಲ್ಲ, ಕಲ್ಲಿನಂಥ ಮುದುಕಿ ಅಂತ ಊರು ಆಡಿಕೊಂಡಿತು. ನಾನೂ ಮನಸ್ಸಿನಲ್ಲಿ ಅದನ್ನೇ ಅಂದೆ. ಅವರ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಚೌಡಮ್ಮನ ಮೇಲೆ. ಐದು ತಿಂಗಳು ನನ್ನನ್ನು ಆಸೆಯಲ್ಲಿಟ್ಟು ಆಟವಾಡಿಸಿದಳಲ್ಲ ಅಂತ. ಆ ಗುಡಿಯ ಕಡೆ ಮುಖ ಹಾಕುವುದನ್ನೇ ಬಿಟ್ಟೆ.

ಮೇಷ್ಟ್ರು ಒಂದು ದಿನ ಮನೆಗೆ ಬಂದು, ಹಾಸನದಲ್ಲಿ ಟೀಚರ್ ಟ್ರೈನಿಂಗಿಗೆ ಅರ್ಜಿ ಕರೆದಿದ್ದಾರೆ, ನನ್ನಂಥವರಿಗೆ ಸೀಟು ಸಿಗುತ್ತದೆ ಎಂದರು. ಭಾವ ಒಪ್ಪಲಿಲ್ಲ. ಮನೆಯಲ್ಲಿ ಉಣ್ಣಲು ಇಲ್ಲವೇ, ಊರವರು ಏನಂದಾರು ಎಂದರು. ಅತ್ತೆ ಹಿತ್ತಿಲಿನಿಂದಲೇ, "ಓಗ್ಲಿ. ಇಲ್ಲಿದ್ರೆ ದಿನಾ ನಾಕು ಜನ ಅವಳ ಅಣೆ ನೋಡ್ತಾರೆ. ಅಲ್ಲಾದ್ರೆ ಮಕ್ಳು ಕೈಲಿರೋ ಬಳ್ಪ ನೋಡ್ತವೆ" ಎಂದರು. ಅಲ್ಲಿಗೆ ಮಾತು ಮುಗಿಯಿತು. ಮುಂದೆ ನಾನು ಅರಕಲಗೂಡು, ಚನ್ನರಾಯಪಟ್ಟಣ ಅಂತ ಮೂವತ್ತು ವರ್ಷಕ್ಕೂ ಮೇಲೆ ಪಾಠ ಮಾಡಿದೆ, ರತ್ನನನ್ನು ಓದಿಸಿದೆ. ಎಲ್ಲ ಆ ಒಂದು ಮಾತಿನಿಂದ.

ಹೊರಟ ದಿನ ಬೆಳಿಗ್ಗೆ ಅತ್ತೆ ನನ್ನ ಟ್ರಂಕನ್ನು ತಾವೇ ತಲೆಯ ಮೇಲೆ ಹೊತ್ತರು. ರತ್ನ ನನ್ನ ಸೊಂಟದ ಮೇಲೆ. ಕಟ್ಟಾಯದ ರಸ್ತೆಗೆ ಹೋಗಲು ಚೌಡಮ್ಮನ ಗುಡಿ ದಾಟಲೇಬೇಕು. ಅಲ್ಲಿ ಅತ್ತೆ ಟ್ರಂಕು ಇಳಿಸಿ ಅಂಗಳದಲ್ಲೇ ನಿಂತು ಕೈಮುಗಿದರು. ನಾನು ಮುಖ ತಿರುಗಿಸಿಕೊಂಡು ನಿಂತೆ.

"ಕೈ ಮುಗಿಯವ್ವ. ಊರು ಬುಟ್ಟು ಓಯ್ತಿದ್ದೀಯ."

"ಸುಳ್ಳು ಹೇಳೋ ದೇವರಿಗೆ ನಾನು ಕೈ ಮುಗಿಯಲ್ಲ ಅತ್ತೆಮ್ಮ" ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಟ್ರಂಕಿನ ಮೇಲೆ ಕೂತುಬಿಟ್ಟರು.

"ಅಂಗನ್ಬ್ಯಾಡ. ಅಮ್ಮ ಸುಳ್ಳೇಳ್ಲಿಲ್ಲ ಕಣವ್ವ. ನಾನೇಳ್ದೆ."

ನನಗೆ ತಿಳಿಯಲಿಲ್ಲ.

"ಊವು ಎಡಕ್ಕೆ ಬಿತ್ತು. ನಾನು ನೋಡ್ದೆ, ಕರಿಯಣ್ಣ ನೋಡ್ದ. ಅವನು ಬಾಯಿ ತಗಿಯಕ್ಕೆ ಮುಂಚೆ ಎತ್ಕಂಡು ಬಲಕ್ಕಾಯ್ತು ಅಂದೆ. ಅವತ್ತಿಂದ ನಾನು ಒಳಿಕ್ಕೆ ಕಾಲಿಕ್ಕಿಲ್ಲ. ಯಾವ ಮಖ ಇಟ್ಕಂಡು ಓಗ್ಲಿ?"

ನನಗೆ ಮೊದಲು ಬಂದದ್ದು ಸಿಟ್ಟೇ. "ನಾನು ಐರಣೆ ಹೊತ್ತೆನಲ್ಲ ಅತ್ತೆಮ್ಮ! ಪುಟ್ಟಲಕ್ಷ್ಮಿಗೆ ಏನಾದ್ರೂ ಆಗಿದ್ದಿದ್ರೆ?"

"ಆದ್ರೆ ನಂಗಾಗ್ಲಿ ಅಂತ ಅಮ್ಮಂಗೆ ಅವತ್ತೇ ಏಳಿವ್ನಿ."

"ಯಾಕೆ ಹಾಗೆ ಮಾಡಿದ್ರಿ? ನಂಗೆ ಅವತ್ತೇ ಹೇಳಬಾರದಾಗಿತ್ತಾ?"

ಅತ್ತೆ ಸೆರಗಿನಿಂದ ರತ್ನನ ಮೂಗು ಒರೆಸಿದರು. "ನೀನೇ ಅಂದ್ಯಲ್ಲ, ಬಳೆ ತೆಗ್ದಾಕ್ತೀನಿ ಅಂತ. ಅವನ ಜೊತೆ ಎಂಟು ತಿಂಗ್ಳೂ ನೆಟ್ಟಗೆ ಬಾಳ್ನಿಲ್ಲ ನೀನು. ಇನ್ನೊಂದೀಟು ದಿನ ಅವನು ಬತ್ತಾನೆ ಅನ್ಕಂಡು ಉಂಡು ಮನಗ್ಲಿ ಅನ್ನಿಸ್ತು. ಐದು ತಿಂಗ್ಳು ಸಿಕ್ತಲ್ಲ ನಿಂಗೆ. ನಂಗೆ ಅದೂ ಇರ್ನಿಲ್ಲ."

ಅಷ್ಟು ಹೇಳಿ ಎದ್ದು ಸಿಂಬಿ ಸರಿಮಾಡಿಕೊಂಡು ಟ್ರಂಕು ಹೊತ್ತರು. ರಸ್ತೆ ತಲುಪಿದೆವು. ಹಾಸನದ ಬಸ್ಸು ಬಂತು. ಅವರು ರತ್ನನ ಕೆನ್ನೆ ಸವರಿ, ಕಿಟಕಿಯ ಹೊರಗೆ ತುಸು ಹೊತ್ತು ನಿಂತು, ಬಸ್ಸು ಹೊರಡುವ ಮುಂಚೆಯೇ ತಿರುಗಿ ನಡೆದರು; ಹೊಲದಲ್ಲಿ ಕಳೆ ತೆಗೆಯುವುದಿತ್ತು. ಆ ಬೆನ್ನು ನೋಡುತ್ತಾ ನಾನು ತಿಂಗಳುಗಳನ್ನು ಎಣಿಸಿದೆ. ನಾನು ಗೋಡೆಗೆ ಸುಣ್ಣ ಬಳಿಯುವಾಗ, ಕಾಗದ ಬರೆಯುವಾಗ, ಚಪ್ಪರದ ಕೆಳಗೆ ನಾವೆಲ್ಲ ನಗುವಾಗ, ಆ ಮನೆಯಲ್ಲಿ ಅವರೊಬ್ಬರೇ ಮಗನ ಸೂತಕ ಹಿಡಿದಿದ್ದರು.